ತರಗತಿಯ ಬಾಗಿಲಲ್ಲಿ ನಿಂತವಳು

ಇಲ್ಲ, ಇಲ್ಲ, ಮೊದಲು ಓದು. ಓದದೆ ಯಾವ ಕಾಗದಕ್ಕೂ ಮುದ್ರೆ ಒತ್ತಬಾರದು ಅಂತ ನಿಮಗೆಲ್ಲ ಕಲಿಸಿದವಳೇ ನಾನು, ಅಲ್ವಾ? ಕನ್ನಡಕ ಬೇಕಾ? ... ಬೇಡವಾ. ಸರಿ. ಆದರೆ ಹಾಗೆ ಸಾಲಿನ ಕೆಳಗೆ ಬೆರಳು ಎಳೀತಾ ಓದಬೇಡ ಸತುರ್ನಿನಾ, ಒಂದನೇ ತರಗತಿ ಮಕ್ಕಳ ಹಾಗೆ. ಅರವತ್ತು ಹತ್ತಿರ ಬಂತು ನಿನಗೆ. ಚಿಲ್ಕಪಾತ ಹಳ್ಳಿಗೆಲ್ಲ ಅಧ್ಯಕ್ಷೆ ಬೇರೆ. ಅಧ್ಯಕ್ಷೆ! ... ಏನು? ನಾನೆಲ್ಲಿ ನಕ್ಕೆ? ಸಂತೋಷವಾಯ್ತು ಅಂದೆ, ಅಷ್ಟೆ.

ಆ ಟೋಪಿ ತೆಗಿ. ಮನೆಯೊಳಗೆ ಬಂದ ಮೇಲೆ ಟೋಪಿ ತೆಗೀಬೇಕು ಅಂತ ಎಷ್ಟು ವರ್ಷ ಹೇಳಿದ್ದೀನಿ ನಿಮ್ಮ ಬೆಟ್ಟದ ಜನಕ್ಕೆ. ... ತೆಗೆಯೋದಿಲ್ಲ. ಇರಲಿ ಬಿಡು. ಬಾಯಲ್ಲಿ ಕೋಕಾ ಎಲೆ ಇದ್ದರೆ ಮಾತ್ರ ಹೊರಗೆ ಹೋಗಿ ಉಗುಳಿ ಬಾ. ಗೋಡೆ ಮೇಲೆ ಕಾರ್ಮೆನ್ ಮಾತೆಯ ಪಟ ಇದೆ, ನೋಡು. ಅವಳ ಮುಂದೆ ಅದೆಲ್ಲ ಬೇಡ. ದಿನಾ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗಿಬಂದು ನಾನು ಕೂರೋ ಜಾಗ ಇದು.

ಕಷಾಯ ಕುಡಿ, ಆರಿಹೋಗ್ತಿದೆ. ಮುನ್ಯಾ ಸೊಪ್ಪು ನಮ್ಮ ಹಿತ್ತಲಿನದೇ. ರೊಟ್ಟಿ ತಗೋ. ನಿನಗೋಸ್ಕರ ಪೇಟೆಯಿಂದ ಬಿಳಿ ರೊಟ್ಟಿ ತರಿಸಿದ್ದೀನಿ. ಮುಟ್ಟೋದೂ ಇಲ್ಲವಲ್ಲ ನೀನು! ವಿಷ ಹಾಕಿಲ್ಲ ಕಣೆ.

ಓದಾಯ್ತಾ? ಇಷ್ಟೇ ವಿಷಯ. ಹೊಸ ಶಾಲೆ ಕಟ್ಟಡಕ್ಕೆ ನನ್ನ ಹೆಸರಿಡ್ತಾರೆ. ಹೊರ್ತೆನ್ಸಿಯಾ ಸೆವಾಯೋಸ್ ಶಾಲೆ. ನಾನು ಕೇಳಿದ್ದಲ್ಲ, ಹಳೆಯ ವಿದ್ಯಾರ್ಥಿಗಳೇ ಸೇರಿ ತೀರ್ಮಾನ ಮಾಡಿದ್ದು. ಮಕ್ಕಳನ್ನ ಕಳಿಸೋ ನಾಲ್ಕು ಹಳ್ಳಿಯೂ ಒಪ್ಪಬೇಕು ಅಂತ ನಿಯಮ. ಮೂರು ಹಳ್ಳಿಯವರು ಒಪ್ಪಿ ಮುದ್ರೆ ಒತ್ತಿಯಾಗಿದೆ. ನೋಡು, ಇಲ್ಲಿ, ಇಲ್ಲಿ, ಇಲ್ಲಿ. ಉಳಿದದ್ದು ನಿಮ್ಮ ಚಿಲ್ಕಪಾತ ಒಂದೇ. ಭಾನುವಾರ ಬಿಷಪ್ಪರು ಬಂದು ಮಂತ್ರಜಲ ಚಿಮುಕಿಸ್ತಾರೆ. ಕಲ್ಲು ಕೆತ್ತಿಸಿಯೂ ಆಗಿದೆ. ಬಿಳಿ ಕಲ್ಲು, ನಮ್ಮ ಅರೆಕಿಪಾ ಕಡೆಯದು. ಹೋಗಿ ಕೈಯಾಡಿಸಿ ನೋಡಿಬಂದೆ. ನನ್ನ ಹೆಸರು ಅಷ್ಟು ದೊಡ್ಡದಾಗಿ ಬರೆದದ್ದನ್ನ ನಾನು ನೋಡೇ ಇರಲಿಲ್ಲ ಸತುರ್ನಿನಾ. ಮಕ್ಕಳಿಲ್ಲ, ಮರಿಯಿಲ್ಲ. ಎಪ್ಪತ್ತೇಳು ನನಗೆ. ಆ ಕಲ್ಲೊಂದು ಉಳಿಯುತ್ತೆ, ಅಷ್ಟೆ.

ಮುದ್ರೆ ತಂದಿದ್ದೀಯಲ್ಲ? ಆ ಗಂಟಿನೊಳಗೆ ಇರಬೇಕು. ತೆಗಿ, ಮುಗಿಸೋಣ.

... ಹ್ಞೂಂ. ತೆಗೆಯೋದಿಲ್ಲ. ಹಾಗಾದರೆ ಯಾಕೆ ಬಂದೆ? ಮೂರು ಗಂಟೆ ಬೆಟ್ಟ ಇಳಿದು ಬಂದು ನನ್ನ ಕುರ್ಚಿ ಮೇಲೆ ಕಲ್ಲಿನ ಹಾಗೆ ಕೂತಿದ್ದೀಯ. ನೀನು ಚಿಕ್ಕಂದಿನಿಂದಲೂ ಹೀಗೇ. ಪ್ರಶ್ನೆ ಕೇಳಿದರೆ ನೆಲ ನೋಡೋದು, ಸೆರಗಿನ ತುದಿ ಅಗಿಯೋದು. ನಿನ್ನ ಬಾಯಿಂದ ಒಂದು ಮಾತು ಹೊರಡಿಸೋದಕ್ಕೆ ನಾನು ಪಟ್ಟ ಪಾಡು ಆ ತಾಯಿಗೇ ಗೊತ್ತು!

ಗೊತ್ತು, ಗೊತ್ತು, ನನ್ನ ಬೆನ್ನ ಹಿಂದೆ ಏನೇನು ಮಾತಾಡ್ತೀರಿ ಅಂತ. ಹೊಡೀತಿದ್ದಳು, ಬೈತಿದ್ದಳು, ಬೆಟ್ಟದವರು ಅಂದರೆ ಅವಳಿಗೆ ನಾಯಿಗಿಂತ ಕಡೆ ಅಂತ. ಹೊಡೆದೆ. ಇಲ್ಲ ಅಂದೆನಾ? ಗೋಡೆ ಮೇಲೆ ನೇತುಹಾಕಿದ್ದ ಮೂರು ಬಾಲದ ಚಾವಟಿ, ಅದಕ್ಕೆ ಸಂತ ಮಾರ್ತಿನ್ ಅಂತ ಹೆಸರಿಟ್ಟವರು ನಿಮ್ಮ ಅಪ್ಪಂದಿರೇ. ಅದನ್ನ ತಂದುಕೊಟ್ಟದ್ದು ಯಾರು? ನಿನ್ನಪ್ಪ! ತಾನೇ ಚರ್ಮ ಕೊಯ್ದು, ಹೆಣೆದು, ಕೋಳಿ ಜೊತೆ ತಂದು ನನ್ನ ಕೈಗಿಟ್ಟ. 'ಅಮ್ಮಣ್ಣೀ, ನನ್ನ ಮಕ್ಕಳ ಬಾಯಿಂದ ಬೆಟ್ಟದ ಮಾತು ಉದುರಿಸಿಬಿಡಿ, ಅವಕ್ಕೆ ನನ್ನ ಗತಿ ಬರೋದು ಬೇಡ' ಅಂದ. ಟೋಪಿ ಎದೆಗೆ ಒತ್ತಿಕೊಂಡು ನಿಂತಿದ್ದ, ಕಣ್ಣೆತ್ತಲಿಲ್ಲ. ಹಾಗೆ ಕೇಳಿಕೊಂಡ ಮೇಲೆ ನಾನೇನು ಮಾಡಬೇಕಿತ್ತು, ನೀನೇ ಹೇಳು.

ನೀವು ಬರ್ತಿದ್ದದ್ದಾದರೂ ಹೇಗೆ! ಕುರಿ ವಾಸನೆ. ತಲೆ ತುಂಬ ಹೇನು. ಮೆಸಾ ಅಂದರೆ ಮೇಜು, ಮಿಸಾ ಅಂದರೆ ದೇವರ ಪೂಜೆ ಅಂತ ನೂರು ಸಲ ಹೇಳಿದರೂ, 'ಪೂಜೆ ಮೇಲೆ ಪುಸ್ತಕ ಇಟ್ಟೆ' ಅನ್ನೋರು. ಟೀಚರನ್ನ ಸೆನ್ಯೋರಿತಾ ಅನ್ನೋಕೆ ನಾಲಿಗೆ ಹೊರಳ್ತಿರಲಿಲ್ಲ. 'ಸಿನ್ಯುರಿತಾ, ವರಗ್ ಓಗ್ಲಾ? ಸಿನ್ಯುರಿತಾ, ವಟ್ಟೆ ನೋವು!' ... ಯಾಕೆ ನಗ್ತೀಯ? ನಾನು ಚೆನ್ನಾಗಿ ಅಣಕಿಸ್ತೀನಿ ಅಂತಲಾ? ಆಗ ಪೇಟೆ ಮಕ್ಕಳೂ ಹೀಗೇ ನಗ್ತಿದ್ದರು, ಹೊಟ್ಟೆ ಹಿಡಿದುಕೊಂಡು. ನಗಲಿ ಅಂತಲೇ ನಾನು ಅಣಕಿಸ್ತಿದ್ದದ್ದು. ನಾಚಿಕೆ ಹುಟ್ಟದೆ ನಾಲಿಗೆ ತಿದ್ದೋದಿಲ್ಲ. ಮೆಕ್ಕೆಜೋಳದ ಕಾಳು ಹರವಿ ಮಂಡಿಯೂರಿಸಿದ್ದೀನಿ. ಹೌದು. ಕೊರಳಿಗೆ ಕತ್ತೆಯ ಚಿತ್ರ ನೇತುಹಾಕಿ ಅಂಗಳ ಸುತ್ತಿಸಿದ್ದೀನಿ. ಅದೂ ಹೌದು. ಅದಕ್ಕೇ ಇವತ್ತು ನಿಮ್ಮೂರಲ್ಲಿ ಒಬ್ಬ ನರ್ಸ್ ಇದ್ದಾಳೆ, ಇಬ್ಬರು ಮೇಷ್ಟ್ರು ಇದ್ದಾರೆ. ಜಿಲ್ಲಾ ಕಚೇರಿಯಲ್ಲಿ ನಿಂತು ನೆಟ್ಟಗೆ ಮಾತಾಡೋ ಒಬ್ಬ ಅಧ್ಯಕ್ಷೆ ಇದ್ದಾಳೆ! ಆ ಸ್ಪ್ಯಾನಿಷ್ ಯಾರು ಕೊಟ್ಟದ್ದು ನಿನಗೆ? ಬೆಟ್ಟದ ಗಾಳಿ ಕೊಟ್ಟಿತಾ?

ನೀನು ಬಂದದ್ದು ಇದಕ್ಕಲ್ಲ. ನನಗೆ ಗೊತ್ತು. ಲಿಬೊರಿಯೋಗೋಸ್ಕರ ಬಂದಿದ್ದೀಯ.

ಆಯ್ತು, ಬಾಯಿಬಿಟ್ಟು ಮಾತಾಡಿಯೇ ಬಿಡೋಣ. ಐವತ್ತು ವರ್ಷವಾಯ್ತು ಹುಡುಗಿ. ನಿನ್ನಣ್ಣನಿಗೆ ಹನ್ನೊಂದು ವರ್ಷ, ನಿನಗೆ ಏಳು. ಆಗ ಸೇತುವೆ ಎಲ್ಲಿತ್ತು? ನದಿ ಮೇಲೆ ಈ ದಡದಿಂದ ಆ ದಡಕ್ಕೆ ಒಂದು ಉಕ್ಕಿನ ತಂತಿ. ಕೊಕ್ಕೆಗೆ ಒಂದು ಬುಟ್ಟಿ. ಕೂತವರು ಹಗ್ಗ ಜಗ್ಗಿಕೊಂಡು ದಾಟಬೇಕು. ನೀವೆಲ್ಲ ದಿನಾ ಹಾಗೇ ಬರ್ತಿದ್ದಿರಿ. ಅವತ್ತು ನದಿ ತುಂಬಿತ್ತು, ಬೆಟ್ಟದ ಬೇರೆ ಮಕ್ಕಳು ಯಾರೂ ಬಂದಿರಲಿಲ್ಲ. ಅವನು ನಿನ್ನನ್ನ ಮೊದಲು ದಾಟಿಸಿದ, ಆಮೇಲೆ ತಾನು ಬರ್ತಿರೋವಾಗ ನಟ್ಟನಡುವೆ ಹಗ್ಗ ಹರಿದುಹೋಯ್ತು. ಬುಟ್ಟಿ ಒಂದು ಕಡೆ ವಾಲಿತು, ಹುಡುಗ ಬಿದ್ದ. ಹಗ್ಗ ಹರಿದ ಆ ಕ್ಷಣವೇ ಬಿದ್ದ. ನ್ಯಾಯಾಧೀಶರು ಬಂದು ಜಾಗ ನೋಡಿ, ಅಳತೆ ತೆಗೆದು ಬರೆದದ್ದು ಹಾಗೆ. ಯಾರು ಓಡಿಬಂದಿದ್ದರೂ ಉಳಿಸೋದು ಸಾಧ್ಯವಿರಲಿಲ್ಲ ಅಂತ. ಮೂರು ದಿನದ ಮೇಲೆ, ಎರಡು ಹರದಾರಿ ಕೆಳಗೆ ಸಿಕ್ಕಿದ. ಮೈ ಮೇಲೆ ಒಂದು ಎಳೆ ಬಟ್ಟೆ ಇರಲಿಲ್ಲ, ಎಲ್ಲ ನದಿ ಒಯ್ದಿತ್ತು. ನಾನೇ ಶಾಲೆಯ ಮೇಜುಬಟ್ಟೆ ಕಳಿಸಿದೆ ಹೊದಿಸೋದಕ್ಕೆ.

ಅಳಬೇಡ. ... ಅಳ್ತಿಲ್ಲವಾ. ಸರಿ, ನನ್ನ ಕಣ್ಣೇ ಮಂಜು.

ನೀನು ಓಡಿಬಂದು ತರಗತಿಯ ಬಾಗಿಲಲ್ಲಿ ನಿಂತೆ. ಮೈಯೆಲ್ಲ ಒದ್ದೆ, ಹಲ್ಲು ಕಟಕಟ ಅಂತಿತ್ತು. ತಡವಾಗಿ ಬಂದವರು ಸ್ಪ್ಯಾನಿಷಿನಲ್ಲಿ ಅಪ್ಪಣೆ ಕೇಳಿ ಒಳಗೆ ಬರಬೇಕು. ಅದು ನಿಯಮ, ಎಲ್ಲರಿಗೂ ಒಂದೇ. ನೀನು ನಿನ್ನ ಬೆಟ್ಟದ ಕೆಚುವಾ ಮಾತಿನಲ್ಲಿ ಬಡಬಡ ಶುರುಮಾಡಿದೆ. 'ಕ್ರೈಸ್ತರ ಹಾಗೆ ಮಾತಾಡು' ಅಂದೆ. ಮತ್ತೆ ಅದೇ ಬಡಬಡ. 'ಮನುಷ್ಯರ ಮಾತು ಬರೋವರೆಗೂ ಗೋಡೆಗೆ ಮುಖ ಮಾಡಿ ನಿಲ್ಲು' ಅಂದೆ. ನಿಂತೆ. ಪಾಠ ನಡೀತು. ಎಷ್ಟು ಹೊತ್ತು ಅಂದರೆ... ಮುಕ್ಕಾಲು ಗಂಟೆ ಇರಬಹುದು. ಅಬಾಂಕಾಯ್ ಪಟ್ಟಣದಿಂದ ಶಾಲಾ ಇನ್ಸ್‌ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು ಅವತ್ತು. ಪಾಠ ನಿಲ್ಲಿಸೋ ಹಾಗೆ ಇರಲಿಲ್ಲ. ಗಂಟೆ ಹೊಡೆದ ಮೇಲೆ ಅಂಗಳದಲ್ಲಿ ನೀನು ಜವಾನ ತಿಮೋತೆಯೋನ ಕಾಲು ಹಿಡಿದುಕೊಂಡು 'ನದಿ, ನದಿ' ಅಂತಷ್ಟೇ ಕಿರುಚಿದೆಯಂತೆ, ಅವನು ಗಂಟೆಯ ಹಗ್ಗ ಕೈಬಿಟ್ಟು ನದಿಗೆ ಓಡಿದ. ಹೋಗಿ ನೋಡಿದರೆ ಬುಟ್ಟಿ ಬರಿದು.

ನನ್ನ ತಪ್ಪು ಏನಿದೆ ಇದರಲ್ಲಿ? ಹೇಳು ನೋಡೋಣ. ನಿನ್ನ ಭಾಷೆ ನನಗೆ ಬರೋದಿಲ್ಲ. ಆಗಲೂ ಬರ್ತಿರಲಿಲ್ಲ, ಈಗಲೂ ಬರೋದಿಲ್ಲ. ನಾನು ಅರೆಕಿಪಾ ಪಟ್ಟಣದವಳು. ನಮ್ಮ ಮನೆಯಲ್ಲಿ ಆ ಮಾತು ಕೇಳಿದವಳೇ ಅಲ್ಲ. ಶಿಲುಬೆ ಮುಟ್ಟಿ ಪ್ರಮಾಣ ಮಾಡಿ ನ್ಯಾಯಾಧೀಶರ ಮುಂದೆ ಹೇಳಿದ್ದೀನಿ, ಒಂದಕ್ಷರ ತಿಳಿಯೋದಿಲ್ಲ ಅಂತ. ಅವರು ನಿನ್ನನ್ನೂ ಕೇಳಿದರು. ನಾಲ್ಕು ಸಲ ಕೇಳಿದರು ಪಾಪ, ಸ್ಪ್ಯಾನಿಷಿನಲ್ಲಿ. ನೀನು ತುಟಿ ಬಿಚ್ಚಲಿಲ್ಲ. ಎರಡು ವರ್ಷ ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲವಂತೆ, ಮೂಗಿ ಅಂತಲೇ ಕರೀತಿದ್ದರು ನಿನ್ನ. ಆಗಲೇ ಎರಡು ಮಾತು ಸ್ಪ್ಯಾನಿಷ್ ಕಲಿತಿದ್ದಿದ್ದರೆ! ಅದಕ್ಕೇ ಅಲ್ವಾ ನಾನು ಬಡಕೊಳ್ತಿದ್ದದ್ದು? ಈಗ ನೋಡಿದರೆ ತಪ್ಪು ನನ್ನದು!

ಸುಮ್ಮನೆ ನೋಡಬೇಡ ನನ್ನ ಹೀಗೆ. ನ್ಯಾಯಾಧೀಶರಿಗಿಂತ ದೊಡ್ಡವಳಾದೆಯಾ ನೀನು?

ಸತ್ತವನ ಮೇಲೆ ಮಾತಾಡಬಾರದು. ಆದರೆ ನನ್ನ ಬಾಯಿಂದ ಹೊರಡಿಸ್ತಿದ್ದೀಯ. ಹನ್ನೊಂದು ವರ್ಷದ ಹುಡುಗ, ಹುಟ್ಟಿದಾಗಿನಿಂದ ಆ ನದಿ ದಾಟಿದವನು, ಅವನಿಗೆ ಅಷ್ಟೂ ಬುದ್ಧಿ ಬೇಡವಾ? ಎರಡೂ ಕೈಯಲ್ಲಿ ತಂತಿ ಹಿಡಿದು ಮೊಳ ಮೊಳವಾಗಿ ಜರುಗಿದ್ದರೆ ದಡ ಸೇರ್ತಿದ್ದ. ನಿಮ್ಮ ಕಡೆಯ ಗಂಡಸರು ಕುಡಿದ ಅಮಲಿನಲ್ಲೂ ಹಾಗೆ ದಾಟ್ತಾರೆ. ಅದು ಬಿಟ್ಟು, ತಂಗಿಯ ಶಾಲನ್ನ ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದು ತುದಿ ಕೊಕ್ಕೆಗೆ ಗಂಟು ಹಾಕಿ, ಯಾರಾದರೂ ಬರ್ತಾರೆ ಬರ್ತಾರೆ ಅಂತ ನೇತಾಡ್ತಾ ಕೂರೋದಾ? ಹಳೇ ಶಾಲು, ಅದು ಎಷ್ಟು ಹೊತ್ತು ತಡೆದೀತು? ಎಳೆ ಎಳೆಯಾಗಿ ಹರೀತಾ...

ಏನು?

ಯಾಕೆ ಕಷಾಯದ ಲೋಟ ಕೆಳಗಿಟ್ಟೆ? ನಾನೇನಂದೆ ಈಗ?

ಶಾಲು... ಹೌದು, ಶಾಲು. ಅದರಲ್ಲೇನಿದೆ? ಎಲ್ಲರಿಗೂ ಗೊತ್ತಿದ್ದದ್ದೇ. ಊರೆಲ್ಲ ಆಡಿಕೊಂಡ ಮಾತು. ... ಇಲ್ಲ ಅಂತ ತಲೆ ಆಡಿಸಬೇಡ. ಯಾರೋ ಹೇಳಿದರು. ತಿಮೋತೆಯೋ ಹೇಳಿದ. ಅವನು ನದಿಗೆ ಹೋಗಿ ನೋಡಿದಾಗ... ಅವನು ಹೋದಾಗ ಬುಟ್ಟಿ ಬರಿದಾಗಿತ್ತು. ಹೌದು. ಈಗ ತಾನೇ ನಾನೇ ಹೇಳಿದೆ. ಹಾಗಾದರೆ ಹೆಣ ಸಿಕ್ಕಾಗ ಇರಬೇಕು, ಸೊಂಟದ ಮೇಲೆ ಶಾಲು... ಇಲ್ಲ. ಮೈ ಮೇಲೆ ಎಳೆ ಬಟ್ಟೆ ಇರಲಿಲ್ಲ. ಹಾಗಾದರೆ ಕೊಕ್ಕೆಯಲ್ಲಿ ತುಂಡು ಸಿಕ್ಕಿರಬೇಕು, ನ್ಯಾಯಾಧೀಶರು ಬರೆದಿದ್ದಾರೆ... ಬರೆದಿಲ್ಲ. ಬಿದ್ದದ್ದು ಆ ಕ್ಷಣವೇ ಅಂತ ಬರೆದಿದ್ದಾರೆ. ಶಾಲು ಇದ್ದಿದ್ದರೆ ಹಾಗೆ ಬರೀತಿರಲಿಲ್ಲ.

ನಿನ್ನವ್ವ ಹೇಳಿರಬೇಕು! ಹೂಂ, ನಿನ್ನವ್ವ. ನೀನು ಮನೆಯಲ್ಲಿ ಹೇಳಿದ್ದೀಯ, ಅವಳು ಸಂತೆಯಲ್ಲಿ ಯಾರಿಗೋ... ಹೇಳಿಲ್ಲವಾ? ಹೆತ್ತ ತಾಯಿಗೂ ಹೇಳಿಲ್ಲವಾ ನೀನು? ಆ ಕ್ಷಣವೇ ಬಿದ್ದ, ನೋವು ತಿನ್ನಲಿಲ್ಲ ಅಂತಲೇ ನಂಬಿಕೊಂಡು ಹೋದಳಾ ಅವಳು? ... ಗಂಡನಿಗೂ ಹೇಳಲಿಲ್ಲವಾ? ಮಕ್ಕಳಿಗೆ? ಯಾರಿಗೂ?

ತಾಯಿ, ಕಾರ್ಮೆನ್ ಮಾತೆ.

ಅವತ್ತೊಂದು ದಿನ ಮಾತ್ರ ಹೇಳಿದ್ದಾ ನೀನು ಅದನ್ನ. ಆ ಬಾಗಿಲಲ್ಲಿ ನಿಂತು.

ಕೂತುಕೋ. ಏಳಬೇಡ, ಕೂತುಕೋ ಸತುರ್ನಿನಾ... ಸ್ವಲ್ಪ ಹೊತ್ತು. ಮುದುಕಿ ನಾನು. ಏನೋ ಕನಸಿನಲ್ಲಿ ಕಂಡದ್ದನ್ನ... ಹಾಗೂ ಆಗುತ್ತೆ ಈ ವಯಸ್ಸಿನಲ್ಲಿ. ಆಗೋದಿಲ್ಲವಾ? ಏನಾದರೂ ಅನ್ನು. ನೀನು ಸುಮ್ಮನಿದ್ದರೆ ನಾನೇ ಮಾತಾಡಬೇಕಾಗುತ್ತೆ. ಮಾತಾಡಿದಷ್ಟೂ ಇನ್ನೇನೇನು ಹೊರಗೆ ಬರುತ್ತೋ.

ಆ ಇನ್ಸ್‌ಪೆಕ್ಟರು ಮೀಸೆ ಒರೆಸಿಕೊಳ್ತಾ ಕೇಳಿದರು: 'ಏನಂತೆ ಸೆನ್ಯೋರಿತಾ ಆ ಹುಡುಗಿದು?' ಅಂತ. ಏನಂತೆ. ಅಷ್ಟೇ ಕೇಳಿದ್ದು. ನಾನು ಪಟ್ಟಣದವಳು, ಒಳ್ಳೆಯ ಮನೆತನದವಳು, ಈ ಬೆಟ್ಟದ ಸೋಂಕು ತಗಲದವಳು ಅಂತ ಅವರು ತಿಳಿದಿದ್ದರು. ಹೇಳಿದ್ದೂ ನಾನೇ. ಅರ್ಜಿಯಲ್ಲಿ ಹಾಗೇ ಬರೆದಿದ್ದೆ. ಪಟ್ಟಣದ ಶಾಲೆಗೆ ವರ್ಗವಾಗೋದು ಅವರ ಒಂದು ಮಾತಿನಲ್ಲಿತ್ತು. ನಾನು 'ಅಯ್ಯೋ' ಅಂದಿದ್ದರೆ ಸಾಕಿತ್ತು... ಮುಖದ ಬಣ್ಣ ಬದಲಾಗಿದ್ದರೆ ಸಾಕಿತ್ತು, ಗೊತ್ತಾಗಿಬಿಡ್ತಿತ್ತು ಅವರಿಗೆ. ಪಟ್ಟಣದ ಹೆಣ್ಣಿಗೆ ಈ ಮಾತು ಹೇಗೆ ತಿಳೀತು ಅಂತ ಕೇಳಿಯೇ ಕೇಳ್ತಿದ್ದರು. ನಾನು ನಕ್ಕೆ. ನಕ್ಕು, 'ತಡವಾಗಿ ಬಂದದ್ದಕ್ಕೆ ಏನೋ ನೆಪ ಸರ್, ಯಾರಿಗೆ ಗೊತ್ತು, ನಾಯಿ ಬೊಗಳಿದ ಹಾಗಿದೆ' ಅಂದೆ. ಅವರೂ ನಕ್ಕರು. ಪೇಟೆ ಮಕ್ಕಳೆಲ್ಲ ನಕ್ಕರು.

ನೀನು ಗೋಡೆ ಕಡೆ ತಿರುಗಿ ನಿಂತಿದ್ದೆ. ಹಾಗೆ ನಿಂತೇ ಇನ್ನೊಂದು ಸಲ ಹೇಳಿದೆ, ಮೆಲ್ಲಗೆ. ಗೋಡೆಗೆ ಹೇಳಿದ ಹಾಗೆ.

ವರ್ಗವೂ ಆಗಲಿಲ್ಲ ನೋಡು. ಐವತ್ತು ವರ್ಷ ಇಲ್ಲೇ ಕೊಳೆತೆ.

ನಮ್ಮವ್ವ ಅರೆಕಿಪಾದ ದೊಡ್ಡ ಮನೆಯೊಂದರಲ್ಲಿ ಅಡಿಗೆಗಿದ್ದಳು. ನಿಮ್ಮ ಬೆಟ್ಟಕ್ಕಿಂತ ಎತ್ತರದ ಬೆಟ್ಟದವಳು. ಆ ಮನೆ ಮಕ್ಕಳ ಎದುರಿಗೆ ನಾನು ಅವಳನ್ನ ಅವ್ವಾ ಅಂತ ಕೂಗಬಾರದು ಅಂತ ಅವಳೇ ಹೇಳಿಕೊಟ್ಟಿದ್ದಳು. ರಾತ್ರಿ ಮಾತ್ರ, ಒಲೆ ಪಕ್ಕದಲ್ಲಿ... ಬೇಡ. ಅದನ್ನೆಲ್ಲ ಹೇಳಿ ನಿನ್ನಿಂದ ಕನಿಕರ ಕೇಳೋದಿಲ್ಲ. ಕೇಳಿದರೂ ಕೊಡೋಳಲ್ಲ ನೀನು.

ಪ್ರತಿ ಶುಕ್ರವಾರ ಪಾಪನಿವೇದನೆಗೆ ಹೋಗ್ತೀನಿ. ಎಷ್ಟು ಶುಕ್ರವಾರ ಆಗಿರಬಹುದು! ನೆರೆಮನೆಯವಳ ಮೇಲೆ ಹೊಟ್ಟೆಕಿಚ್ಚುಪಟ್ಟೆ, ಉಪವಾಸದ ದಿನ ಬೆಣ್ಣೆ ತಿಂದೆ... ಅದನ್ನೆಲ್ಲ ಹೇಳಿದ್ದೀನಿ. ಇದೊಂದನ್ನ ಹೇಳೋದಕ್ಕೆ ಬಾಯಿ ತೆರೀತೀನಿ, ಆ ಜಾಲರಿ ಹಿಂದೆ ಪಾದ್ರಿ ಕೆಮ್ಮುತ್ತಾರೆ, ನಾನು ಇನ್ನೇನನ್ನೋ ಹೇಳಿ ಎದ್ದುಬರ್ತೀನಿ. ಐದು ಪಾದ್ರಿಗಳು ಬದಲಾದರು.

ನಿನಗೆ ಮೊದಲೇ ಗೊತ್ತಿತ್ತು. ಅಲ್ವಾ? ಏಳು ವರ್ಷದವಳಿಗೇ ಗೊತ್ತಾಗಿತ್ತು. ಗೋಡೆಗೆ ಹೇಳೋ ಮುಂಚೆ ನೀನು ಕತ್ತು ತಿರುಗಿಸಿ ನನ್ನ ಮುಖ ನೋಡಿದೆ. ಏನು ಕಂಡೆ ಅವತ್ತು? ... ಇವತ್ತು ಮೂರು ಗಂಟೆ ನಡೆದು ಬಂದದ್ದು ಅದನ್ನ ಕೇಳೋದಕ್ಕೇನಾ? ಒಂದು ಮಾತೂ ಕೇಳಲಿಲ್ಲವಲ್ಲ! ಕೂತಿದ್ದೆ. ಬರೀ ಕೂತಿದ್ದೆ.

ಆ ಕಾಗದ ಹಾಗೇ ಇರಲಿ. ಗಂಟು ಬಿಚ್ಚಬೇಡ. ಭಾನುವಾರ ಬಿಷಪ್ಪರು ಬಂದರೆ ಬರಲಿ, ಹೋದರೆ ಹೋಗಲಿ. ಹೊರಟೆಯಾ? ಹೀಗೇ ಹೋಗಬೇಡ ಕಣೆ. ನಿಲ್ಲು. ಆ ಬಾಗಿಲಲ್ಲಿ ಹಾಗೆ ಬೆನ್ನು ಹಾಕಿ ನಿಲ್ಲಬೇಡ. ಬೈ ನನ್ನ. ಶಾಪ ಹಾಕು, ಸೂಳೆ ಅನ್ನು, ಕೊಲೆಗಾತಿ ಅನ್ನು. ಏನಾದರೂ ಅನ್ನು ಸತುರ್ನಿನಾ, ಒಂದು ಮಾತು. ಸ್ಪ್ಯಾನಿಷ್ ಬೇಡ, ನಿನ್ನ ಮಾತಿನಲ್ಲೇ ಬೈ. ನಿಮ್ಮವ್ವ ಬೈದಿದ್ದರೆ ಹೇಗೆ ಬೈತಿದ್ದಳೋ ಹಾಗೆ. ನಮ್ಮವ್ವನೂ ಹಾಗೇ ಬೈತಿದ್ದಳು. ದುಭಾಷಿ ಬೇಕಿಲ್ಲ ನನಗೆ.